ಬೋರ್ಡಿನ ಮೇಲೆ ನಾಲೆ ನೀರು

ಫೆಬ್ರವರಿ 13, ಗುರುವಾರ

ಗಣಿತ ಓದುವವಳಿಗೆ ನೀತಿಶಾಸ್ತ್ರದ ಪೇಪರ್ ಯಾಕೆ ಕಡ್ಡಾಯ ಎಂದು ಸೆಮಿಸ್ಟರ್ ಪೂರ್ತಿ ಗೊಣಗಿದವಳು ನಾನು. ಇವತ್ತು ಅದೇ ತರಗತಿಯಿಂದ ಎದೆಯುಬ್ಬಿಸಿಕೊಂಡು ಬಂದಿದ್ದೇನೆ.

ಸೆಮಿನಾರಿನ ವಿಷಯ: ನೀರು ಕಡಿಮೆಯಾದಾಗ ನಾಲೆಯ ಮೇಲ್ಭಾಗದವರಿಗೆ ಮೊದಲ ಹಕ್ಕೋ, ಕೊನೆಯವರಿಗೂ ಸಮಪಾಲೋ? ನಮ್ಮ ಬೆಳಗೊಳದ ಗದ್ದೆ ಇರುವುದು ಮೇಲ್ಭಾಗದಲ್ಲಿ. ಮೇಲಿನವರಿಗೇ ಮೊದಲು ಎಂದು ಸಾಧಿಸಲು ಹೊರಟೆ, ಪ್ರಮೇಯ ಸಾಧಿಸುವ ಹಾಗೆ, ಬೋರ್ಡಿನ ಮೇಲೆ ಸಾಲುಸಾಲಾಗಿ. ನಿಯಮ ಅಂದಮೇಲೆ ಎಲ್ಲರಿಗೂ ಒಂದೇ. ಹಾಗಾದರೆ ನಮಗಿಂತ ಮೇಲಿನವರು ಇದೇ ಮಾತು ಹೇಳಿ ನೀರು ತಡೆದರೆ ನಾವು ಒಪ್ಪಬೇಕು. ಒಪ್ಪುತ್ತೇವೆಯೇ? ಇಲ್ಲ. ನನ್ನ ವಾದ ನನ್ನ ಕೈಯಲ್ಲೇ ಮುರಿದುಬಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗಲಿ. ಡಸ್ಟರ್ ಪಕ್ಕದಲ್ಲೇ ಇತ್ತು, ಅಳಿಸಲಿಲ್ಲ. "ನನ್ನ ಹೇಳಿಕೆ ತಪ್ಪು" ಎಂದು ದಪ್ಪಕ್ಷರದಲ್ಲಿ ಕೆಳಗೆ ಬರೆದೆ. ಆ ಕ್ಷಣವನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ.

"ವಾದ ಗೆಲ್ಲೋರನ್ನ ದಿನಾ ನೋಡ್ತೀನಿ ತನುಶ್ರೀ" ಎಂದಷ್ಟೇ ಹೇಳಿ ಮುಬೀನಾ ಮೇಡಂ ಬೆನ್ನು ತಟ್ಟಿದರು.

ಮನೆಗೆ ಬಂದು ಹೇಳಿದಾಗ ಹಾಲು ಕರೆಯುತ್ತಿದ್ದ ಅಪ್ಪನ ಕೈ ನಿಂತಿತು.

"ನಿನ್ನ ಕಾಲೇಜ್ಗೆ ಕಳ್ಸಿದ್ದು ನಮ್ ಗದ್ದೆ ನೀರ ಬುಟ್ಕೊಡಕ್ಕೇನವ್ವಾ?"

"ಮೇಲ್ನೋರು ನಮ್ಗೂ ಇಂಗೇ ಮಾಡುದ್ರೆ ನೀನು ಸುಮ್ನಿರ್ತೀಯಾ ಅಪ್ಪ?"

ಅಪ್ಪ ಹಾಲಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದ. ಈಗ ಅಂಗಳದಲ್ಲಿ ಅಪ್ಪ ಫೋನಿನಲ್ಲಿ ಚಿಕ್ಕಪ್ಪ ಸಿದ್ದರಾಜುಗೆ ಹೇಳುತ್ತಿರುವುದು ಕೇಳಿಸುತ್ತಿದೆ:

"ಅವ್ಳ ಪ್ರಶ್ನೆಗೆ ನನ್ ತಾವ ಉತ್ರ ಇಲ್ಲ ಕಣ್ಲಾ. ನಿನ್ ತಾವ ಇದ್ರೆ ಬಾ, ನನ್ ಮಗ್ಳ ಮುಂದೆ ನಿಂತ್ಕೊಂಡು ಯೋಳು ನೋಡೋಣ!"