ನನ್ನ ಪಾಲಿನ ಕೀಲಿ

ರಾಯಬಾಗ, ಜೂನ್ ೧೪, ಶನಿವಾರ

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾಲಿಗೆ ನಮಸ್ಕರಿಸಿದ. ನಾನು ಕೊಂಚವೂ ಯೋಚಿಸದೆ "ಏನಪಾ ಭರಮು, ಆರಾಮ?" ಎಂದೆ. ಅವನು ನಕ್ಕು, "ಅಲ್ರಿ ಗುರುಗಳ, ನಾನ್ರಿ ಮಾಳಸಿದ್ದ" ಎಂದ. ಆಗಿನಿಂದ ಎದೆಯಲ್ಲಿ ಅಳುಕು.

ನಮ್ಮ ಶಿಕ್ಷಣ ಸಂಸ್ಥೆಯ ದಾಖಲೆಗಳೆಲ್ಲ ಈಗ ವರ್ಚುವಲ್ ಸರ್ವರ್‌ಗಳಲ್ಲಿ ಗೂಢಲಿಪಿಯಲ್ಲಿವೆ. ಅದನ್ನು ಬಿಡಿಸುವ ಪದಗಳ ಕೀಲಿಯನ್ನು ಎಂಜಿನಿಯರ್ ಶುಭಾಂಗಿ ಎರಡು ಪಾಲು ಮಾಡಿ, ಒಂದನ್ನು ಅಧ್ಯಕ್ಷರಿಗೂ ಇನ್ನೊಂದನ್ನು ಕಾರ್ಯದರ್ಶಿಯಾದ ನನಗೂ ಒಪ್ಪಿಸಿದ್ದಾಳೆ. ಎರಡೂ ಕೂಡದೆ ಏನೂ ತೆರೆಯದು.

"ಸರ್, ನಿಮ್ಮ ಪಾಲು ಬರದು ತಿಜೋರ್ಯಾಗ ಇಡ್ರಿ" ಎಂದು ಅವಳು ಆಗಲೇ ಹೇಳಿದ್ದಳು.

"ಊರ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದಾಂವ ನಾನು. ನನಗ್ಯಾಕವಾ ಚೀಟಿ?"

"ನೀವು ಮರತ್ರ ಯಾರಿಗೂ ತಗಿಯಾಕ ಬರೂದಿಲ್ರಿ. ಈ ಮಷಿನ್ ನಿಮ್ಮ ಛಡಿಗೂ ಅಂಜೂದಿಲ್ಲ ಮತ್ತ!"

ನಾನು ನಕ್ಕುಬಿಟ್ಟಿದ್ದೆ; ಚೀಟಿ ಬರೆಯಲಿಲ್ಲ.

ಸೋಮವಾರ ಸರ್ವರ್‌ಗಳನ್ನು ನಿಲ್ಲಿಸಿ ಮತ್ತೆ ಆರಂಭಿಸುವುದಿದೆ. ಆಗ ನನ್ನ ಪಾಲಿನ ಪದಗಳನ್ನು ನಾನೇ ಟೈಪ್ ಮಾಡಬೇಕು. ಊಟವಾದ ಮೇಲೆ ಅಷ್ಟನ್ನೂ ಮನಸ್ಸಿನಲ್ಲೇ ಒಪ್ಪಿಸಿ ನೋಡಿದೆ. ಎಲ್ಲಿಯೂ ತಡವರಿಸಲಿಲ್ಲ. ಆದರೆ ಬೆಳಿಗ್ಗೆ ಭರಮು ಎಂದಾಗಲೂ ನಾನು ತಡವರಿಸಿರಲಿಲ್ಲ. ಅಲ್ಲಿ ತಿದ್ದಲು ಮಾಳಸಿದ್ದನೇ ಎದುರಿಗಿದ್ದ. ಇಲ್ಲಿ ತಪ್ಪಿದರೆ ಸಾವಿರಾರು ಮಕ್ಕಳ ಅಂಕಪಟ್ಟಿಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ.

ಸರ್ವರ್‌ಗಳು ನಡೆಯುತ್ತಿರುವಾಗ ದಾಖಲೆಗಳು ತೆರೆದೇ ಇರುವುದರಿಂದ, ಹಳೆಯ ಪದಗಳಿಲ್ಲದೆಯೂ ಹೊಸ ಕೀಲಿ ಮಾಡಬಹುದಂತೆ. ನಾಳೆ ಶುಭಾಂಗಿಗೆ ಫೋನ್ ಮಾಡಿ, ಯಾವುದನ್ನೂ ನಿಲ್ಲಿಸಬೇಡ, ಮೊದಲು ಕೀಲಿ ಬದಲಿಸು ಎನ್ನಬೇಕು. ಯಾಕ್ರಿ ಸರ್ ಎಂದು ಅವಳು ಕೇಳಿದರೆ, ಬೆಳಿಗ್ಗೆ ಮಾಳಸಿದ್ದನನ್ನು ಭರಮು ಎಂದು ಕರೆದದ್ದನ್ನು ಒಪ್ಪಿಕೊಳ್ಳಬೇಕು.