ಬಂಡೆಯ ಕೆಳಗೆ ಸತ್ತ ಇಪ್ಪತ್ತಮೂರು ರಣಹದ್ದುಗಳ ವಿಷಯ

ದುಷ್ಟಮೃಗಗಳ ನಿರ್ಮೂಲನದ ಹೊಣೆ ಹೊತ್ತ ಸಾಹೇಬರೇ,

ತಮ್ಮ ಹುಕುಮಿನಂತೆ ನಾನು ಇಟ್ಟ ವಿಷಕ್ಕೆ ಚಿರತೆ ಸಾಯಲಿಲ್ಲ. ಇಪ್ಪತ್ತಮೂರು ರಣಹದ್ದುಗಳು ಸತ್ತವು. ಈಗ ತಾವು ಎರಡನೆಯ ಪೊಟ್ಟಣ ಕಳಿಸಿದ್ದೀರಿ. ವಿಷ ಬೇಡವೆಂದು ಮೊದಲೇ ಎರಡು ಅರ್ಜಿ ಬರೆದಿದ್ದೆ. ಈ ಮೂರನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಮ್ಮ ಕಚೇರಿಯವರು ಓದದಿದ್ದರೆ ಜನರಾದರೂ ಓದಲಿ.

ನಾನು ಕ್ಲೋಸ್‌ಪೇಟೆ ಸೀಮೆಯ ಕೂಟಗಲ್ಲಿನ ಬಳಿಯ ಒಂದು ಸಣ್ಣ ಹಳ್ಳಿಯ ಪಟೇಲ. ಊರ ಹಿಂದಿನ ಕಡಿದಾದ ಬಂಡೆಯ ಸಂದುಗಳಲ್ಲಿ ನಮ್ಮ ತಾತಂದಿರ ಕಾಲದಿಂದಲೂ ರಣಹದ್ದುಗಳು ಗೂಡು ಕಟ್ಟಿಕೊಂಡಿವೆ. ಒಂದು ಜೋಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ಕಳೆದ ಪುಷ್ಯದಲ್ಲಿ ಚಿಕ್ಕಲಕ್ಷ್ಮಮ್ಮ ಎಂಬ ಮುದುಕಿಯ ಕರುವನ್ನು ಚಿರತೆ ಕೊಂದಿತು. ಆಕೆ ಅದನ್ನು ಮನಸಾರೆ ಶಪಿಸಿದ್ದು ನಿಜ. ನಾನು ಕರ್ತವ್ಯನಿಷ್ಠನಾಗಿ ವರದಿ ಮಾಡಿದೆ. ತಾವು ಅಷ್ಟೇ ಕರ್ತವ್ಯನಿಷ್ಠರಾಗಿ ವಿಷ ಕಳಿಸಿದಿರಿ. ಮಾಘದಲ್ಲಿ ಆಕೆಯ ಇನ್ನೊಂದು ಕರುವೂ ಚಿರತೆಯ ಪಾಲಾದಾಗ, ಆ ಸತ್ತ ಕರುವಿನ ಹೊಟ್ಟೆಗೆ ನನ್ನ ಕೈಯಾರೆ ಆ ವಿಷದ ಪುಡಿ ತುಂಬಿದೆ.

ಚಿರತೆ ತಿರುಗಿ ಬರಲಿಲ್ಲ. ಮರುದಿನ ಬಿಸಿಲೇರುವ ಹೊತ್ತಿಗೆ ನಮ್ಮೂರ ತಳವಾರ ಕೆಂಚಯ್ಯ ಏದುಸಿರು ಬಿಡುತ್ತ ಬಂದ.

“ಗೌಡ್ರೇ, ಹದ್ದೆಲ್ಲಾ ನೆಲಕ್ಕೆ ಬಿದ್ಬುಟ್ಟವೆ! ಹಾರಕ್ಕಾಯ್ತಿಲ್ಲ, ಒದ್ದಾಡ್ತಾವೆ.”

ಹೋಗಿ ನೋಡಿದೆ. ಒಂದು ಹಕ್ಕಿ ಆಳುದ್ದದ ರೆಕ್ಕೆ ಬಿಚ್ಚಿ ನಾಲ್ಕು ಹೆಜ್ಜೆ ಓಡಿ ಮುಗ್ಗರಿಸಿತು, ಮತ್ತೆ ಏಳಲಿಲ್ಲ. ಚಿಕ್ಕಲಕ್ಷ್ಮಮ್ಮ ಚೆಂಬಿನಿಂದ ಅವುಗಳ ಕೊಕ್ಕಿಗೆ ನೀರು ಬಿಡುತ್ತಿದ್ದಳು.

“ಚಿರ್ತೆ ಸಾಯ್ಲಿ ಅಂದೆ ಕಣಪ್ಪ. ಇವು ನನ್ಗೇನ್ ಮಾಡಿದ್ವು?” ಎಂದು ಕೇಳಿದಳು. ಆ ಪ್ರಶ್ನೆಯನ್ನು ತಮಗೇ ಒಪ್ಪಿಸುತ್ತಿದ್ದೇನೆ. ತಮ್ಮ ಬಳಿ ಉತ್ತರ ಇದೆಯೇ? ದುಷ್ಟ ಯಾರು, ಶಿಷ್ಟ ಯಾರು ಎಂದು ತಮ್ಮ ಪುಡಿಗೆ ಓದಲು ಬರುತ್ತದೆಯೇ?

ಅಷ್ಟರಲ್ಲಿ ಬಂಡೆಯ ಮೇಲಿನಿಂದ ಮರಿಯೊಂದರ ಕೂಗು ಕೇಳಿಸಿತು. ಅದರ ತಾಯಿತಂದೆ ಎರಡೂ ಮರಳಿರಲಿಲ್ಲ. ಕೆಂಚಯ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ನಾವು ಆರು ಜನ ಮೇಲಿನಿಂದ ಇಳಿಬಿಟ್ಟೆವು. ಊರಲ್ಲಿದ್ದ ಹಗ್ಗವೆಲ್ಲ ಗಂಟು ಹಾಕಿದರೂ ಗೂಡು ಮುಟ್ಟಲು ಎರಡಾಳುದ್ದ ಸಾಲದೇ ಹೋಯಿತು. ಮರಿಗೆಂದು ಒಯ್ದು ಅವನು ಎಸೆದ ಮಾಂಸ ಕಲ್ಲಿಗೆ ಬಡಿದು ಕೆಳಗೆ ಬಿತ್ತು.

ಮೇಲೆಳೆದಾಗ ಅವನ ಅಂಗೈಗಳು ಸುಲಿದಿದ್ದವು. “ಬಾಯ್ ಬುಟ್ಕಂಡು ನನ್ನೇ ನೋಡ್ತು ಗೌಡ್ರೇ. ಅವರಪ್ಪ ಬಂದ ಅಂದ್ಕಂತೇನೋ,” ಎಂದ.

ಮೂರು ದಿನ ಕೂಗು ಕೇಳಿತು. ನಾನು ಹೊಲಕ್ಕೆ ಹೋಗುವ ದಾರಿ ಬದಲಿಸಿದೆ. ನಾಲ್ಕನೆಯ ದಿನ ಬದಲಿಸಬೇಕಾದ ಅಗತ್ಯವಿರಲಿಲ್ಲ.

ಚೈತ್ರದಲ್ಲಿ ಹಳ್ಳದ ಬಳಿ ರೋಗದಿಂದ ಒಂದು ಎತ್ತು ಸತ್ತಿತು. ಮೊದಲಾಗಿದ್ದರೆ ಹದ್ದುಗಳು ಮಧ್ಯಾಹ್ನದೊಳಗೆ ಎಲುಬು ಮಾತ್ರ ಉಳಿಸುತ್ತಿದ್ದವು. ಈ ಸಲ ಎಂಟು ದಿನ ಕೊಳೆಯಿತು. ಹೆಂಗಸರು ಹಳ್ಳದ ನೀರು ಬಿಟ್ಟು ಮೈಲಿ ದೂರದ ಬಾವಿಗೆ ನಡೆದರು. ಸಂಬಳ ಕೇಳದೆ ಊರು ಶುಚಿಗೊಳಿಸುತ್ತಿದ್ದ ನೌಕರರನ್ನು ತಾವು ಬಡ್ತಿಯಿಲ್ಲದೆ ಪರಲೋಕಕ್ಕೆ ವರ್ಗ ಮಾಡಿದಿರಿ.

ಇದೆಲ್ಲ ಬರೆದು ಕಳಿಸಿದ್ದಕ್ಕೆ ಬಂದ ಜವಾಬು ಒಂದೇ ಸಾಲು: “ನಮೂನೆಯಲ್ಲಿ ಪಕ್ಷಿಗಳಿಗೆ ಅಂಕಣವಿಲ್ಲ, ಇನ್ನೊಂದು ಪೊಟ್ಟಣ ಕಳಿಸಿದೆ.” ಇಡದಿದ್ದರೆ ಪಟೇಲಿಕೆಯನ್ನು ನನ್ನ ದಾಯಾದಿಗೆ ಕೊಡುವುದಾಗಿ ತಮ್ಮ ಜವಾನ ಬಾಯಿಮಾತಿನಲ್ಲಿ ತಿಳಿಸಿದ. ಆ ದಾಯಾದಿ ನಾಳೆಯೇ ಇಡಲು ಸಿದ್ಧ. ನಾನು ಅಧಿಕಾರದಲ್ಲಿದ್ದರೆ ಹದ್ದುಗಳು ನನ್ನ ಕೈಯಲ್ಲಿ ಸಾಯಬೇಕು. ಬಿಟ್ಟರೆ ಅವನ ಕೈಯಲ್ಲಿ. ನನಗೆ ಉಳಿಸಿರುವ ಆಯ್ಕೆ ಇಷ್ಟೇ, ಸಾಹೇಬರೇ. ಪಾಲಿಸಿದರೆ ಪಾಪಿ, ಪಾಲಿಸದಿದ್ದರೆ ಅಪರಾಧಿ.

ಅಪರಾಧಿಯಾಗುವುದೇ ಮೇಲೆಂದು ಪೊಟ್ಟಣವನ್ನು ಆಳವಾಗಿ ಹೂತುಬಿಟ್ಟಿದ್ದೇನೆ. ಜಾಗ ನನಗೊಬ್ಬನಿಗೇ ಗೊತ್ತು. ಕೆಂಚಯ್ಯನನ್ನು ಹಿಡಿದು ಕೇಳಬೇಡಿ. ಮೂರನೆಯ ಪೊಟ್ಟಣ ಯಾರ ಮನೆಗೆ ಹೋಗುತ್ತದೆಂಬುದನ್ನು ತಡೆಯುವ ಶಕ್ತಿ ನನಗಿಲ್ಲ.

ಆದ್ದರಿಂದ ಕೇಳುವುದಿಷ್ಟು: ಕ್ಲೋಸ್‌ಪೇಟೆ, ಮಾಗಡಿ, ಕಾನಕಾನಹಳ್ಳಿಯ ಬೆಟ್ಟಗಳಲ್ಲೆಲ್ಲ ವಿಷವಿಡುವ ಹುಕುಮನ್ನು ರದ್ದು ಮಾಡಿ. ಚಿರತೆಗೆ ಬೋನು ಕಳಿಸಿ. ಹೊತ್ತು ತರಲು ನಾವಿದ್ದೇವೆ. ಬಂಡೆಯ ಮೇಲೆ ಈಗ ಉಳಿದಿರುವುದು ಏಳು ಹದ್ದು. ನನ್ನನ್ನು ತೆಗೆಯುವ ಕಾಗದಕ್ಕೆ ಸಹಿ ಹಾಕುವ ಮೊದಲು, ದಯಮಾಡಿ ವಿಷ ರದ್ದು ಮಾಡುವ ಕಾಗದಕ್ಕೆ ಹಾಕಿ.

ಇಂತಿ,
ತಮ್ಮ ಹುಕುಮನ್ನು ಒಮ್ಮೆ ಪಾಲಿಸಿ ಇಂದಿಗೂ ಕೈ ತೊಳೆಯುತ್ತಿರುವ
ಬೋರಲಿಂಗಯ್ಯ,
ಮುಂದಿನ ಟಪಾಲು ಬರುವವರೆಗೆ ಪಟೇಲ