ಬೆಚ್ಚನೆಯ ಗಂಟು

೧೧ ನವೆಂಬರ್ ೧೯೩೮, ಹೊನ್ನಾಳಿ

ಬೆಳಗಿನಿಂದ ಮಲೇರಿಯಾ, ಕ್ವಿನೈನ್, ಮತ್ತೆ ಮಲೇರಿಯಾ. ಕಡೆಗೆ ನ್ಯಾಮತಿಯ ಅಡಿಕೆ ವ್ಯಾಪಾರಿ ಷಣ್ಮುಖಪ್ಪ, ಹೆಂಡತಿ ಸಿದ್ದಲಿಂಗಮ್ಮನನ್ನು ಕರೆತಂದ. ಆಕೆಯ ಎಡಭುಜದ ಮೇಲೆ, ಕತ್ತಿನ ಬುಡಕ್ಕೆ, ನಿಂಬೆಹಣ್ಣಿನಷ್ಟು ಗಂಟು. ಮೆತ್ತಗೆ, ಬೆರಳಿಗೆ ಜಾರುತ್ತದೆ. ಲೈಪೋಮಾ, ಕೊಬ್ಬಿನ ಗಡ್ಡೆ — ಇದರಲ್ಲೇನಿದೆ ಅಂದುಕೊಂಡೆ. ಆದರೆ ಬೆಚ್ಚಗಿತ್ತು.

ಕುರು ಹಣ್ಣಾಗುತ್ತಿದೆಯೆಂದು ಮನೆಯವರು ಅಗಸೆ ಬೀಜದ ಪಟ್ಟು ಕಟ್ಟಿ ಕಟ್ಟಿ ಚರ್ಮ ಸುಲಿದಿದ್ದಾರೆ. ಸೂಜಿ ಹಾಕಿದೆ. ಕೀವಿಲ್ಲ, ಬರೀ ರಕ್ತ.

"ಕೂಸು ತೀರಿಕೊಂಡ ಮ್ಯಾಲೆ ಕಂಡಿದ್ದು ರೀ," ಅಂದಳು. "ಅದು ಅಲ್ಲೇ ತಲೆ ಇಟ್ಟು ಮಲಗ್ತಿತ್ತು. ಈಗ್ಲೂ ಬೆಚ್ಚಗೈತೆ, ನೋಡ್ರಿ."

ಗಂಡ ಗೋಡೆ ನೋಡುತ್ತಾ, "ಜೀವ ತೆಗೆಯೋ ಗಡ್ಡೆ ಏನ್ರೀ?" ಅಂದ.

೧೪ ನವೆಂಬರ್

ಅಂಗೈಗೆ ಆ ಬಿಸಿ ಅಂಟಿಕೊಂಡಿದೆ. ಹುಚ್ಚು. ಡೆಟಾಲ್ ಹಾಕಿ ತೊಳೆದೆ.

೨ ಡಿಸೆಂಬರ್

ಸಿದ್ದಲಿಂಗಮ್ಮ ಗಂಟು ತೆಗೆಸಾಕೆ ಒಲ್ಲೆ ಅಂತಾಳೆ. ಕೂಸನ್ನ ಎರಡನೇ ಸಲ ಮಣ್ಣು ಮಾಡಿದಂಗೆ ಅಂತ. ರೇಗಿತು ನನಗೆ.

"ಅದು ಬರೀ ಕೊಬ್ಬಮ್ಮ. ನಿಮ್ಮ ಕೂಸಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

"ಲಿಂಗ ಹಿಡಿದು ಹೇಳ್ರಿ."

ಶರ್ಟಿನೊಳಗೆ ಕೈ ಹಾಕಿ, ಕೊರಳಿನ ಲಿಂಗದ ಕರಡಿಗೆ ಹಿಡಿದು ಹೇಳಿದೆ. ಆಕೆ ಒಪ್ಪಿದಳು.

೫ ಡಿಸೆಂಬರ್

ಭುಜ ಮರಗಟ್ಟಲು ನೋವೊಕೇನ್ ಕೊಟ್ಟು ಗಂಟು ತೆಗೆದೆ. ಹಳದಿ ಕೊಬ್ಬು ಬರಬೇಕಿತ್ತು. ಬಂದದ್ದು ಕಂದು, ಜೋನಿಬೆಲ್ಲದ ಬಣ್ಣ. ಇಂಥದ್ದನ್ನು ಕಂಡೇ ಇಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಲಿ ಅಂತ ಶಿವಮೊಗ್ಗದ ದೊಡ್ಡ ಡಾಕ್ಟರು ಓಂಕಾರಪ್ಪನವರಿಗೆ ಕಳಿಸಿದೆ.

೨೦ ಡಿಸೆಂಬರ್

ಗಾಯ ಮಾಗಿದೆ. ಆಕೆ ಮಾತ್ರ ಬಿಸಿಲಲ್ಲೂ ಕಂಬಳಿ ಹೊದ್ದು ಬಂದಿದ್ದಳು.

"ಭುಜ ತಣ್ಣಗಾತು ರೀ. ಇರ್ಲಿ. ನೀವು ಲಿಂಗ ಹಿಡಿದು ಹೇಳೀರಲ್ಲ, ಅಷ್ಟ್ರ ಮ್ಯಾಲೆ ನಿದ್ದೆ ಮಾಡ್ತೀನಿ."

೯ ಜನವರಿ ೧೯೩೯, ಮಧ್ಯಾಹ್ನ

ಓಂಕಾರಪ್ಪನವರು ಕ್ಯಾಂಪಿಗೆ ಬಂದಿದ್ದರು. ಬಹಳ ಖುಷಿಯಲ್ಲಿದ್ದರು.

"ಅಪಾಯ ಇಲ್ಲಪ್ಪ, ಮತ್ತೆ ಬರಾಕಿಲ್ಲ. ಆದ್ರೆ ಭಾಳ ಅಪರೂಪ. ಈ ಕಂದು ಕೊಬ್ಬು ದೊಡ್ಡೋರಿಗೆ ಎಲ್ಲಿ ಇರ್ತೈತೆ? ಹಸುಗೂಸುಗಳ ಮೈಯಾಗೆ ಇರೋದು. ಕತ್ತಿನ ಬುಡದಾಗೆ."

ಕಾಫಿ ಕುಡಿದು ಹೊರಟರು. ನನ್ನ ಲೋಟ ಹಾಗೇ ಇದೆ.

ಸಿದ್ದಲಿಂಗಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ದೊಡ್ಡ ಡಾಕ್ಟರು ಏನಂದರು ಅಂತ ಕೇಳಾಕೆ ಬಂದವಳು. ಒಳಗೆ ಕರೆಯಲು ಹೆದರಿಕೆ. ಅದಕ್ಕೇ ಇದನ್ನು ಬರೆಯುತ್ತಾ ಕೂತಿದ್ದೇನೆ. ಹೇಳುವುದು ಇಷ್ಟೇ. ಅಪಾಯ ಇಲ್ಲಮ್ಮ. ಮತ್ತೆ ಬರಲ್ಲ. ನಾನು ಹೇಳಿರಲಿಲ್ವಾ, ಅದು ಬರೀ —